ಅಮಿತ ಮಳೆಯ ಅಳತೆ

2005ರ ಜುಲೈ 26, ಮಂಗಳವಾರ. ಮುಂಬಯಿಯಲ್ಲಿ ಭಾರತೀಯ ಹವಾಮಾನ ಇಲಾಖೆಯ ಎರಡು ವೀಕ್ಷಣಾಲಯಗಳಿದ್ದವು. ಒಂದು ದಕ್ಷಿಣದ ತುದಿಯ ಕೊಲಾಬಾದಲ್ಲಿ, ಇನ್ನೊಂದು ಅಲ್ಲಿಂದ ಸುಮಾರು 25 ಕಿಲೋಮೀಟರ್ ಉತ್ತರಕ್ಕೆ, ಸಾಂತಾಕ್ರೂಜ್ ವಿಮಾನ ನಿಲ್ದಾಣದ ಬಳಿ. ಮರುದಿನ ಬೆಳಿಗ್ಗೆ ಎಂಟೂವರೆಗೆ ಎರಡೂ ಕಡೆ ಹಿಂದಿನ 24 ಗಂಟೆಗಳ ಮಳೆಯ ಲೆಕ್ಕ ತೆಗೆದಾಗ ಕೊಲಾಬಾದಲ್ಲಿ 73 ಮಿಲಿಮೀಟರ್ ಚಿಲ್ಲರೆ, ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಸಿಕ್ಕಿತು. ವಿಹಾರ್ ಸರೋವರದ ಬಳಿ ಅದು ಸಾವಿರವನ್ನೂ ದಾಟಿತ್ತು. ಒಂದೇ ಊರು, ಒಂದೇ ದಿನ. ದಕ್ಷಿಣದಲ್ಲಿ ಮಳೆಗಾಲದ ಮಾಮೂಲಿ ಮಳೆ, ಉತ್ತರದಲ್ಲಿ ಪ್ರಳಯ.

ಘಾಟ್ಕೋಪರ್ ಸಾಂತಾಕ್ರೂಜ್‌ನ ಮಾಪಕದಿಂದ ಆರೇಳು ಕಿಲೋಮೀಟರ್ ದೂರದಲ್ಲಿದೆ. ಪೂರ್ವಕ್ಕೆ ಥಾಣೆ ಖಾರಿ, ಪಶ್ಚಿಮಕ್ಕೆ ಅಸಲ್ಫಾದಿಂದ ವಿಕ್ರೋಲಿ ಪಾರ್ಕ್‌ಸೈಟ್‌ವರೆಗೆ ಹಬ್ಬಿದ ಗುಡ್ಡಗಳು. ಕರಾವಳಿಯಿಂದ ಹೊಟೇಲು ಕೆಲಸಕ್ಕೆ ಬಂದವರು, ಉತ್ತರ ಭಾರತದಿಂದ, ಮಹಾರಾಷ್ಟ್ರದ ಒಳನಾಡಿನಿಂದ ಕೂಲಿಗೆ ಬಂದವರು ಈ ಗುಡ್ಡಗಳ ಬುಡದಲ್ಲೂ ಇಳಿಜಾರಿನಲ್ಲೂ ನೆಲೆಯಾದರು. ಊರಲ್ಲಿ ಆಟಿಯ ಮಳೆ ನೋಡಿ ಬೆಳೆದವರಿಗೆ ಮಳೆ ಹೊಸದಲ್ಲ. ಹೊಸದಾಗಿದ್ದದ್ದು ತಲೆಯ ಮೇಲಿನ ಗುಡ್ಡ. 2000ದ ಜುಲೈ 12ರಂದು ಘಾಟ್ಕೋಪರಿನ ಆಜಾದ್ ನಗರದಲ್ಲಿ ಗುಡ್ಡ ಕುಸಿದು 60ಕ್ಕೂ ಹೆಚ್ಚು ಜನ ಸತ್ತರು. ಐದು ವರ್ಷಗಳ ಮೇಲೆ, ಜುಲೈ 26ರ ಮಳೆಯಲ್ಲಿ, ಪಕ್ಕದ ಸಾಕಿನಾಕಾದಲ್ಲಿ ಗುಡ್ಡ ಜಾರಿ 70ಕ್ಕೂ ಹೆಚ್ಚು ಜನ ಮಣ್ಣಿನಡಿ ಸಿಕ್ಕಿದರು.

ಇಂಥ ಸಾವುಗಳಿಗೆ ಮಳೆಯನ್ನು ದೂರಿ ಸುಮ್ಮನಾಗುವುದು ಸುಲಭ. ಆದರೆ ಮುಂಬಯಿಯ ಮಳೆಗೆ ಇನ್ನೊಂದು ಚರಿತ್ರೆಯಿದೆ: ಅದನ್ನು ಅಳೆದವರ ಚರಿತ್ರೆ. ಎಲ್ಲಿ ನಿಂತು ಅಳೆದರು, ಎಷ್ಟು ಹೊತ್ತಿಗೊಮ್ಮೆ ಅಳೆದರು, ಅಳೆದ ಅಂಕಿಯಿಂದ ಏನು ಕಟ್ಟಿದರು ಎನ್ನುವುದರ ಮೇಲೆ ಯಾರ ಮನೆಯ ಮಳೆ ಲೆಕ್ಕಕ್ಕೆ ಬಂತು, ಯಾರದ್ದು ಬರಲಿಲ್ಲ ಎನ್ನುವುದು ನಿಂತಿದೆ.

ಮಳೆ ಅಳೆಯುವ ಯೋಚನೆ ನಮ್ಮಲ್ಲಿ ಹಳೆಯದು. 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಬಂದು 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಉಗ್ರಾಣದ ಬಳಿ ಒಂದು ಮೊಳ ಅಗಲದ ಪಾತ್ರೆಯಿಟ್ಟು ಮಳೆ ಅಳೆಯಬೇಕೆಂಬ ಮಾತಿದೆ. ಯಾವ ಸೀಮೆಗೆ ಎಷ್ಟು ದ್ರೋಣ ಮಳೆ ಎಂಬ ಪಟ್ಟಿಯೂ ಇದೆ. ಒಣ ನಾಡಿಗೆ ಹದಿನಾರು, ಅವಂತಿಗೆ ಇಪ್ಪತ್ತಮೂರು, ಹೀಗೆ. ಅಪರಾಂತಕ್ಕೆ, ಎಂದರೆ ಇಂದಿನ ಕೊಂಕಣಕ್ಕೆ, ಬಂದಾಗ ಮಾತ್ರ ಅಂಕಿ ನಿಲ್ಲುತ್ತದೆ. ಅಲ್ಲಿನ ಮಳೆ 'ಅಮಿತ'. ಅಳತೆಗೆ ಮೀರಿದ್ದು.

ಆ ಅಮಿತ ಮಳೆಯನ್ನು ಆಧುನಿಕ ಉಪಕರಣಗಳಿಂದ ಅಳೆಯುವ ಕೆಲಸ ಶುರುವಾದದ್ದು ಕೊಲಾಬಾದಲ್ಲಿ. ಈಸ್ಟ್ ಇಂಡಿಯಾ ಕಂಪನಿ 1826ರಲ್ಲಿ ಅಲ್ಲಿ ವೀಕ್ಷಣಾಲಯ ಕಟ್ಟಿತು. ಹಡಗುಗಳಿಗೆ ಸರಿಯಾದ ಸಮಯ ತಿಳಿಸುವುದು ಅದರ ಮೊದಲ ಕೆಲಸಗಳಲ್ಲೊಂದು. 1841ರಿಂದ ಭೂಮಿಯ ಕಾಂತಕ್ಷೇತ್ರದ ಮತ್ತು ಹವೆಯ ಕ್ರಮಬದ್ಧ ದಾಖಲೆ ಆರಂಭವಾಯಿತು. 1896ರಲ್ಲಿ ನಾನಾಭಾಯಿ ಆರ್ದೇಶಿರ್ ಫ್ರಾಮ್‌ಜಿ ಮೂಸ್ ಅದರ ಮೊದಲ ಭಾರತೀಯ ನಿರ್ದೇಶಕರಾದರು. ಅಷ್ಟರಲ್ಲಿ ಮುಂಬಯಿಯ ಕುದುರೆ ಟ್ರಾಮುಗಳಿಗೆ ವಿದ್ಯುತ್ ಬರುವ ಸೂಚನೆ ಸಿಕ್ಕಿತು. ವಿದ್ಯುತ್ ಹರಿದರೆ ಕಾಂತಸೂಜಿ ತಪ್ಪು ಹೇಳುತ್ತದೆ. ಮೂಸ್ ಸಮುದ್ರದಾಚೆಯ ಅಲಿಬಾಗ್‌ನಲ್ಲಿ, ಕಾಂತಗುಣವಿಲ್ಲದ ಸಾಮಗ್ರಿಗಳನ್ನೇ ಆರಿಸಿ, ಹೊಸ ವೀಕ್ಷಣಾಲಯ ಕಟ್ಟಿಸಿದರು. ಅಲ್ಲಿ 1904ರಿಂದ ಅಳತೆ ಶುರುವಾಯಿತು. ಕೆಲವು ಕಾಲ ಎರಡೂ ಕಡೆ ಒಟ್ಟಿಗೆ ಅಳೆದು ತಾಳೆ ನೋಡಿ ಆಮೇಲೆ ಹಳೆಯದನ್ನು ನಿಲ್ಲಿಸಿದರು.

ಉಪಕರಣ ಎಲ್ಲಿದೆ ಎನ್ನುವುದು ಅದು ಹೇಳುವ ಮಾತನ್ನೇ ಬದಲಿಸುತ್ತದೆ ಎಂಬ ಅರಿವು ಕಾಂತಸೂಜಿಯ ವಿಷಯದಲ್ಲಿ ನೂರು ವರ್ಷಗಳ ಹಿಂದೆಯೇ ಇತ್ತು. ಮಳೆಯ ವಿಷಯದಲ್ಲಿ ನಗರ ಅಷ್ಟು ಎಚ್ಚರ ವಹಿಸಲಿಲ್ಲ. ಊರು ಕೊಲಾಬಾದಿಂದ ಉತ್ತರಕ್ಕೆ, ರೈಲುಹಳಿ ಹಿಡಿದು ಬೆಳೆಯಿತು. 1853ರಲ್ಲಿ ಬೋರಿಬಂದರಿನಿಂದ ಥಾಣೆಗೆ ಹೋದ ಮೊದಲ ಪ್ರಯಾಣಿಕರ ರೈಲು ಸಾಗಿದ್ದು ಘಾಟ್ಕೋಪರಿನ ಮೇಲಿಂದಲೇ. ಜನ ಅತ್ತ ಹೋದರು, ಅಳತೆಯ ಪಾತ್ರೆ ಮಾತ್ರ ಎರಡೇ ಕಡೆ ಉಳಿಯಿತು.

ಈ ಅಳತೆಯಿಂದ ಎಂಜಿನಿಯರುಗಳು ಕಟ್ಟಿದ್ದು ಚರಂಡಿ. ಮಳೆನೀರಿನ ಚರಂಡಿ ಎಷ್ಟು ಅಗಲವಿರಬೇಕು? ಇದಕ್ಕೆ ಇಂದಿಗೂ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕಲಿಸುವ ಸರಳ ಸೂತ್ರದ ಮೂಲ, ಐರ್ಲೆಂಡಿನ ಥಾಮಸ್ ಮಲ್ವಾನಿ 1851ರ ಹೊತ್ತಿಗೆ ಮಂಡಿಸಿದ ವಿಚಾರದಲ್ಲಿದೆ. ಮೂರು ಅಂಕಿಗಳನ್ನು ಗುಣಿಸಬೇಕು: ನೆಲದ ವಿಸ್ತೀರ್ಣ, ಗಂಟೆಗೆ ಎಷ್ಟು ಮಳೆ, ಮತ್ತು ಬಿದ್ದ ನೀರಿನಲ್ಲಿ ಎಷ್ಟು ಪಾಲು ಇಂಗದೆ ಹರಿದುಹೋಗುತ್ತದೆ. ವಿಸ್ತೀರ್ಣವನ್ನು ನಕ್ಷೆ ಕೊಡುತ್ತದೆ. ಉಳಿದೆರಡನ್ನು ಊರೇ ಹೇಳಬೇಕು.

ಮುಂಬಯಿಯ ಹಳೆಯ ಚರಂಡಿಗಳನ್ನು ಗಂಟೆಗೆ 25 ಮಿಲಿಮೀಟರ್ ಮಳೆಗೆ, ಅದರಲ್ಲಿ ಅರ್ಧ ನೀರು ಇಂಗುತ್ತದೆ ಎಂಬ ಲೆಕ್ಕದಲ್ಲಿ ಕಟ್ಟಲಾಗಿತ್ತು. ಗದ್ದೆ, ತೋಟ, ಬಯಲು ಇದ್ದ ಕಾಲಕ್ಕೆ ಅದು ಒಪ್ಪುವ ಮಾತು. ಕಾಂಕ್ರೀಟು ಮತ್ತು ತಗಡಿನ ಸೂರು ತುಂಬಿದ ನೆಲದಲ್ಲಿ ಇಂಗುವುದಕ್ಕೆ ಜಾಗವೆಲ್ಲಿ? 1985ರ ನೆರೆಯ ನಂತರ ಪಾಲಿಕೆ ತಜ್ಞರಿಂದ ಅಧ್ಯಯನ ಮಾಡಿಸಿತು. 'ಬ್ರಿಮ್‌ಸ್ಟೋವಾಡ್' ಎಂಬ ಆ ವರದಿ 1993ರಲ್ಲಿ ಬಂತು. ಗಂಟೆಗೆ 50 ಮಿಲಿಮೀಟರ್ ಎಂದು ಹಿಡಿಯಿರಿ, ಬಿದ್ದದ್ದೆಲ್ಲ ಹರಿಯುತ್ತದೆ ಎಂದು ಹಿಡಿಯಿರಿ ಎಂದಿತು. ಎರಡು ಅಂಕಿಗಳೂ ಇಮ್ಮಡಿಯಾದರೆ ಗುಣಲಬ್ಧ ನಾಲ್ಕು ಪಟ್ಟು. ಅದೇ ಗುಡ್ಡದಡಿಯ ಅದೇ ನಾಲಾ ಹಳೆಯ ಲೆಕ್ಕದ ನಾಲ್ಕರಷ್ಟು ನೀರು ಹೊರಬೇಕು. ವರದಿ ಬಂದು ಹನ್ನೆರಡು ವರ್ಷ ಕಳೆದರೂ ಕೆಲಸದ ಬಹುಪಾಲು ಕಾಗದದಲ್ಲೇ ಇತ್ತು.

ಜುಲೈ 26ರ ಮಧ್ಯಾಹ್ನ ಸಾಂತಾಕ್ರೂಜ್‌ನಲ್ಲಿ ಮಳೆ ಒಂದು ಗಂಟೆಗೆ 190 ಮಿಲಿಮೀಟರ್ ಮುಟ್ಟಿತು. ಹಳೆಯ ಲೆಕ್ಕದ ಏಳು ಪಟ್ಟಿಗೂ ಹೆಚ್ಚು. ನಾಲ್ಕು ಗಂಟೆಯ ಸುಮಾರಿಗೆ ಸಮುದ್ರದಲ್ಲಿ ಭರತ, ನಾಲಾಗಳ ಬಾಯಿ ಮುಚ್ಚಿತು. ಒಂದು ಮಿಲಿಮೀಟರ್ ಮಳೆ ಎಂದರೆ ಚದರ ಮೀಟರಿಗೆ ಒಂದು ಲೀಟರ್ ನೀರು. ಹತ್ತಡಿಗೆ ಇಪ್ಪತ್ತಡಿಯ ಒಂದು ತಗಡಿನ ಸೂರಿನ ಮೇಲೆ ಆ ದಿನ 17 ಸಾವಿರ ಲೀಟರಿಗೂ ಹೆಚ್ಚು ನೀರು ಸುರಿಯಿತು. ಮುಂಬಯಿ ಒಂದರಲ್ಲೇ ನಾನೂರಕ್ಕೂ ಹೆಚ್ಚು ಜನ ಸತ್ತರು.

ಅಂಕಿಗಿಂತ ಹೆಚ್ಚು ಕಾಡಿದ್ದು ಅದು ಸಿಕ್ಕ ಹೊತ್ತು. ಮಳೆ ಸುರಿಯುವಾಗ ಎಲ್ಲಿ ಎಷ್ಟು ಸುರಿಯುತ್ತಿದೆ ಎಂದು ಕ್ಷಣಕ್ಷಣಕ್ಕೆ ತಿಳಿಸುವ ವ್ಯವಸ್ಥೆ ನಗರದಲ್ಲಿ ಇರಲಿಲ್ಲ. ಡಾಪ್ಲರ್ ರಾಡಾರೂ ಇರಲಿಲ್ಲ. ದಕ್ಷಿಣದ ಕಚೇರಿಗಳಲ್ಲಿ ಕೂತವರು ಕಿಟಕಿಯಾಚೆ ನೋಡಿದರೆ ಕಂಡದ್ದು ಸಾಧಾರಣ ಮಳೆ. ಅವರು ಎಂದಿನಂತೆ ರೈಲು ಹತ್ತಿ ಉತ್ತರಕ್ಕೆ, ನೀರಿನೊಳಕ್ಕೆ ಹೊರಟರು.

ಆಮೇಲೆ ಸರ್ಕಾರ ಮಾಧವರಾವ್ ಚಿತಳೆಯವರ ನೇತೃತ್ವದಲ್ಲಿ ಸತ್ಯಶೋಧನಾ ಸಮಿತಿ ನೇಮಿಸಿತು. ಘಾಟ್ಕೋಪರಿನ ಉತ್ತರಕ್ಕಿರುವ ಪೊವಾಯಿಯ ಐಐಟಿಯಲ್ಲಿ ಕಪಿಲ್ ಗುಪ್ತಾ ಮತ್ತು ಸಂಗಡಿಗರು ನಗರದ ನೆರೆಯನ್ನು ಅಧ್ಯಯನ ಮಾಡಿದರು. 2006ರ ಮಳೆಗಾಲದ ಹೊತ್ತಿಗೆ ಸುಮಾರು 16 ಚದರ ಕಿಲೋಮೀಟರಿಗೆ ಒಂದರಂತೆ ಸ್ವಯಂಚಾಲಿತ ಮಾಪಕಗಳು ಬಂದವು. ಅವುಗಳಲ್ಲಿ ಹೆಚ್ಚಿನವನ್ನು ಇಟ್ಟದ್ದು ಅಗ್ನಿಶಾಮಕ ಠಾಣೆಗಳ ಮಾಳಿಗೆಯ ಮೇಲೆ. ಅಲ್ಲಿ ಹಗಲಿರುಳೂ ಜನರಿರುತ್ತಾರೆ, ಕಾವಲಿಗೆ ಬೇರೆ ಖರ್ಚಿಲ್ಲ, ಸುದ್ದಿ ಬಂದರೆ ಹೊರಡಬೇಕಾದವರೂ ಅವರೇ. ಮಾಪಕದೊಳಗೆ ತಕ್ಕಡಿಯಂತೆ ಎರಡು ಪುಟ್ಟ ಬೋಗುಣಿಗಳು. ಒಂದು ತುಂಬಿದರೆ ವಾಲಿ ಚೆಲ್ಲುತ್ತದೆ, ಇನ್ನೊಂದು ಮೇಲೆ ಬರುತ್ತದೆ. ಪ್ರತಿ ವಾಲಾಟವನ್ನೂ ಯಂತ್ರ ಎಣಿಸಿ, ಹದಿನೈದು ನಿಮಿಷಕ್ಕೊಮ್ಮೆ ಪಾಲಿಕೆಯ ನಿಯಂತ್ರಣ ಕೊಠಡಿಗೆ ಕಳಿಸುತ್ತದೆ. ಮುಂದೆ ಕೊಲಾಬಾದಲ್ಲಿ ಡಾಪ್ಲರ್ ರಾಡಾರ್ ಬಂತು, 2022ರಲ್ಲಿ ಜೋಗೇಶ್ವರಿ ಬಳಿಯ ವೆರಾವಲಿಯಲ್ಲಿ ಎರಡನೆಯದು.

ಇದೇ ಕೆಲಸ ಕರ್ನಾಟಕದಲ್ಲಿ ಇನ್ನೊಂದು ದಾರಿಯಿಂದ ನಡೆದಿತ್ತು. ಅಲ್ಲಿ ಭಯ ನೆರೆಯದ್ದಲ್ಲ, ಬರದ್ದು. 1988ರಲ್ಲಿ ಬೆಂಗಳೂರಿನಲ್ಲಿ ಬರ ನಿಗಾ ಘಟಕ ಶುರುವಾಯಿತು. ಇಂದಿನ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಬೆಳೆದದ್ದು ಅದರಿಂದಲೇ. ತಾಲ್ಲೂಕಿಗೊಂದು ಅಂಕಿ ಹಿಡಿದರೆ ಒಂದು ಹೋಬಳಿಯಲ್ಲಿ ಒಣಗಿದ ರಾಗಿ ಇನ್ನೊಂದು ಹೋಬಳಿಯ ಮಳೆಯಲ್ಲಿ ಮುಚ್ಚಿಹೋಗುತ್ತದೆ, ರೈತನಿಗೆ ಪರಿಹಾರ ಸಿಗುವುದಿಲ್ಲ. ಆದ್ದರಿಂದ ಕೇಂದ್ರ ಗ್ರಾಮ ಪಂಚಾಯತಿಗೊಂದರಂತೆ, ಸೌರವಿದ್ಯುತ್ತಿನಲ್ಲಿ ನಡೆಯುವ ಆರು ಸಾವಿರಕ್ಕೂ ಹೆಚ್ಚು ಮಾಪಕಗಳನ್ನು ನೆಟ್ಟಿತು. ಬರವಿರಲಿ ನೆರೆಯಿರಲಿ, ಸರಾಸರಿ ಮುಚ್ಚಿಡುವುದು ಅಂಚಿನಲ್ಲಿರುವವರನ್ನು.

ಆದರೂ ಗುಡ್ಡದ ಪ್ರಶ್ನೆ ಉಳಿದಿದೆ. ಚರಂಡಿಗೆ ಒಂದು ಗಂಟೆಯ ಮಳೆ ಮುಖ್ಯ. ಗುಡ್ಡಕ್ಕೆ ಹಿಂದಿನ ದಿನಗಳ ಮಳೆಯೂ ಮುಖ್ಯ, ಏಕೆಂದರೆ ನೀರು ಕುಡಿದು ಭಾರವಾದ ಮಣ್ಣು ಸಡಿಲಗೊಂಡು ಜಾರುತ್ತದೆ. 1980ರಲ್ಲಿ ಭೂರೂಪವಿಜ್ಞಾನಿ ನೆಲ್ ಕೇನ್ ಜಗತ್ತಿನ ಬೇರೆಬೇರೆ ಕಡೆಯ 73 ಕುಸಿತಗಳನ್ನು ಒಟ್ಟುಗೂಡಿಸಿ, ಮಳೆಯ ರಭಸ ಮತ್ತು ಅವಧಿ ಎಷ್ಟಾದರೆ ಇಳಿಜಾರು ಅಪಾಯದ ಗೆರೆ ದಾಟುತ್ತದೆ ಎಂದು ತೋರಿಸಿದರು. ಇಂಥ ಗೆರೆಯನ್ನು ಒಂದು ಊರಿಗೆ ಹೊಂದಿಸಬೇಕಾದರೆ ಆ ಊರಿನ ಗುಡ್ಡಗಳ ಮಳೆಯ ಮತ್ತು ಕುಸಿತದ ದಾಖಲೆ ವರ್ಷಗಟ್ಟಲೆ ಬೇಕು. ಕೊಲಾಬಾಕ್ಕೆ ಒಂದೂಮುಕ್ಕಾಲು ಶತಮಾನದ ದಾಖಲೆಯಿದೆ. ಗುಡ್ಡಗಳ ಸುತ್ತಲ ಮಾಪಕಗಳ ವಯಸ್ಸು ಇನ್ನೂ ಇಪ್ಪತ್ತರ ಆಸುಪಾಸು.

2021ರ ಜುಲೈ 18ರ ನಸುಕಿನಲ್ಲಿ ಚೆಂಬೂರಿನಲ್ಲೂ, ಘಾಟ್ಕೋಪರಿಗೆ ಅಂಟಿಕೊಂಡ ವಿಕ್ರೋಲಿಯ ಸೂರ್ಯನಗರದಲ್ಲೂ ಇಳಿಜಾರು ಕುಸಿದು ಮಲಗಿದ್ದ 25ಕ್ಕೂ ಹೆಚ್ಚು ಜನ ಸತ್ತರು. ಆ ವೇಳೆಗೆ ಮಾಪಕಗಳಿದ್ದವು, ರಾಡಾರಿತ್ತು. ಮಳೆಗಾಲಕ್ಕೆ ಮುನ್ನ ಅಪಾಯದ ಇಳಿಜಾರುಗಳ ನಿವಾಸಿಗಳಿಗೆ ಮನೆ ಬಿಡುವಂತೆ ನೋಟಿಸು ಕೊಡುವ ರೂಢಿಯೂ ಇತ್ತು. ಬಿಟ್ಟು ಎಲ್ಲಿಗೆ ಹೋಗಬೇಕು ಎಂಬುದಕ್ಕೆ ಮಾತ್ರ ನೋಟಿಸಿನಲ್ಲಿ ಉತ್ತರವಿರಲಿಲ್ಲ. ಕೆಲಸ ಇಲ್ಲಿ, ಮಕ್ಕಳ ಶಾಲೆ ಇಲ್ಲಿ, ಕೈಗೆಟುಕುವ ಬಾಡಿಗೆ ಈ ಗುಡ್ಡದ ಮೇಲೆ ಮಾತ್ರ.

ಅಪರಾಂತದ ಮಳೆ ಈಗ ಅಮಿತವಲ್ಲ. ಹದಿನೈದು ನಿಮಿಷಕ್ಕೊಮ್ಮೆ ಅದರ ಲೆಕ್ಕ ಸಿಗುತ್ತದೆ. ಘಾಟ್ಕೋಪರಿನಲ್ಲಿ ಎಷ್ಟು ಮಳೆ ಬಿತ್ತೆಂದು ತಿಳಿಯಲು ಕೊಲಾಬಾವನ್ನು ಕೇಳಬೇಕಾಗಿಲ್ಲ. ಗುಡ್ಡದ ಮೇಲಿನ ಮನೆಯವರಿಗೆ ಆ ಲೆಕ್ಕ ಉಪಯೋಗಕ್ಕೆ ಬರುವುದು, ಅಪಾಯದ ಗೆರೆ ದಾಟಿದ ರಾತ್ರಿ ಬಾಗಿಲು ಬಡಿದು ಎಬ್ಬಿಸುವವರೂ ಎದ್ದವರಿಗೆ ಹೋಗಲೊಂದು ಸೂರೂ ಇದ್ದಾಗ.