ಅತಿವೇಗದ ರೈಲುದಾರಿಯೂ ಪರದೇಶದ ಋಣವೂ: ಒಂದು ಚಾರಿತ್ರಿಕ ವಿವೇಚನೆ

ರೈಲುದಾರಿಯ ನಿರ್ಮಾಣದಲ್ಲಿ ವೆಚ್ಚವೆಲ್ಲವೂ ಮೊದಲು, ಆದಾಯವೆಲ್ಲವೂ ಆಮೇಲೆ. ಭೂಮಿಯ ಕ್ರಯ, ಸೇತುವೆ, ಸುರಂಗ, ಹಳಿ, ವಿದ್ಯುತ್ತು, ಗಾಡಿ ಎಂಬ ಇಷ್ಟೂ ಬಾಬುಗಳಿಗೆ ಹಣ ಸುರಿದು, ದಾರಿಯು ಒಂದು ಊರಿನಿಂದ ಮತ್ತೊಂದು ಊರಿಗೆ ಅಖಂಡವಾಗಿ ಕೂಡಿಕೊಂಡು, ಪ್ರಯಾಣಿಕನು ಟಿಕೆಟು ಕೊಂಡು ಹತ್ತುವ ತನಕ ಒಂದು ಕಾಸಿನ ಪ್ರತಿಫಲವೂ ಹುಟ್ಟುವುದಿಲ್ಲ. ಅತಿವೇಗದ ದಾರಿಗಳಲ್ಲಿ ತಿರುವುಗಳು ವಿಶಾಲವಾಗಿರಬೇಕಾದುದರಿಂದಲೂ, ಹಳೆಯ ಹಳಿಗಳು ಆ ವೇಗವನ್ನು ತಾಳಲಾರವಾದುದರಿಂದಲೂ ಈ ಕಷ್ಟ ಇಮ್ಮಡಿಸುತ್ತದೆ. ಆದಕಾರಣ ಸಾಲವಿಲ್ಲದೆ ಇಂಥ ದಾರಿಯನ್ನು ಕಟ್ಟಿದ ರಾಷ್ಟ್ರ ವಿರಳ. ಸಾಲವನ್ನು ಹೊರನಾಡಿನಿಂದ ತಂದು ಕಟ್ಟಿದವರ ಅನುಭವವಾದರೋ ಒಂದರಂತೆ ಒಂದಿಲ್ಲ. ಜಪಾನಿಗೆ ಉಪಕಾರಕವಾದ ಪರಋಣವು ಇಂಡೋನೇಷ್ಯಕ್ಕೆ ಏಕೆ ಭಾರವಾಯಿತು, ಭಾರತದಲ್ಲಿ ಅದರ ಗತಿ ಏನಾಗಬಹುದು ಎಂಬುದನ್ನು ಚರಿತ್ರೆಯ ಆಧಾರದಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ. ಬಡ್ಡಿಯ ದರವೊಂದನ್ನೇ ನೋಡಿ ಸಾಲದ ಒಳಿತು ಕೆಡುಕನ್ನು ನಿರ್ಣಯಿಸುವ ರೂಢಿ ಸಾಧುವಲ್ಲವೆಂದೂ, ಕಾಮಗಾರಿಗೆ ಹಿಡಿಯುವ ಕಾಲ, ಋಣವನ್ನು ತೀರಿಸಬೇಕಾದ ನಾಣ್ಯ, ಒಟ್ಟು ವೆಚ್ಚದಲ್ಲಿ ಆ ಋಣದ ಪ್ರಮಾಣ ಎಂಬ ಮೂರು ಸಂಗತಿಗಳೇ ನಿರ್ಣಾಯಕವೆಂದೂ ಇಲ್ಲಿ ಪ್ರತಿಪಾದಿಸಲಾಗಿದೆ.

ಭಾರತಕ್ಕೆ ಈ ಪ್ರಶ್ನೆ ಹೊಸದಲ್ಲ. 1849ರಲ್ಲಿ ಈಸ್ಟ್ ಇಂಡಿಯನ್ ಮತ್ತು ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿಗಳೊಡನೆ ಆದ ಕರಾರುಗಳ ಮೇರೆಗೆ, ಲಂಡನ್ನಿನಲ್ಲಿ ಸಂಗ್ರಹಿಸಿದ ಬಂಡವಾಳಕ್ಕೆ ನೂರಕ್ಕೆ 5ರಂತೆ ಪ್ರತಿಫಲವನ್ನು ಕೊಡುವುದಾಗಿ ಸರ್ಕಾರವು ಖಾತರಿ ನೀಡಿ, ಭೂಮಿಯನ್ನು ಉಚಿತವಾಗಿ ಒದಗಿಸಿತು. ಲಾಭವಾಗಲಿ ನಷ್ಟವಾಗಲಿ ಪ್ರತಿಫಲ ನಿಶ್ಚಿತವಾಗಿದ್ದುದರಿಂದ ಮಿತವ್ಯಯಕ್ಕೆ ಪ್ರೇರಣೆಯೇ ಉಳಿಯಲಿಲ್ಲ. ಅದಕ್ಕಿಂತ ಘೋರವಾದ ಪೆಟ್ಟು ವಿನಿಮಯದಿಂದ ಬಂದಿತು. ರೈಲಿನ ಆದಾಯ ಬೆಳ್ಳಿಯ ರೂಪಾಯಿಯಲ್ಲಿ, ಸಲ್ಲಿಸಬೇಕಾದುದು ಚಿನ್ನವನ್ನಾಧರಿಸಿದ ಪೌಂಡಿನಲ್ಲಿ. 1870ರ ಸುಮಾರಿಗೆ 2 ಷಿಲಿಂಗಿನ ಸಮೀಪವಿದ್ದ ರೂಪಾಯಿಯ ಬೆಲೆ 1893ರ ವೇಳೆಗೆ 1 ಷಿಲಿಂಗ್ 3 ಪೆನ್ಸಿನ ಆಸುಪಾಸಿಗೆ ಕುಸಿದಾಗ, ಕರಾರಿನ ಒಂದಕ್ಷರವೂ ಬದಲಾಗದೆಯೇ ಋಣದ ಭಾರ ಬೆಳೆಯಿತು. ದಾದಾಭಾಯಿ ನವರೋಜಿ ಮತ್ತು ರಮೇಶಚಂದ್ರ ದತ್ತ ಮೊದಲಾದವರು ದೇಶದ ಸಂಪತ್ತು ಹೊರಕ್ಕೆ ಹರಿಯುತ್ತಿರುವುದನ್ನು ಕುರಿತು ಬರೆದಾಗ ಈ ರೈಲ್ವೆ ವೆಚ್ಚವೂ ಅವರ ವಾದದ ಒಂದು ಮುಖ್ಯ ಅಂಗವಾಗಿದ್ದಿತು.

ಇದೇ ಕಾಲದಲ್ಲಿ ಮೈಸೂರು ಸಂಸ್ಥಾನವು ಸ್ವಂತ ಹಣ, ಪರಋಣ ಎಂಬ ಎರಡು ದಾರಿಗಳನ್ನೂ ಅನುಭವದಿಂದ ಕಂಡಿತು. ಧಾತು, ಈಶ್ವರ ಸಂವತ್ಸರಗಳ ಬರದ ಹಿನ್ನೆಲೆಯಲ್ಲಿ ಕೈಗೊಂಡ ಬೆಂಗಳೂರು–ಮೈಸೂರು ಮಾರ್ಗವು ಸಂಸ್ಥಾನದ ಸ್ವಂತ ಆದಾಯದಿಂದ ಮುಂದುವರಿದು, ದಿವಾನ್ ರಂಗಾಚಾರ್ಲು ಅವರ ಆಡಳಿತದಲ್ಲಿ, 1882ರ ಹೊತ್ತಿಗೆ ಪೂರ್ಣಗೊಂಡಿತು. ಹರಿಹರದವರೆಗೆ ಮಾರ್ಗವನ್ನು ವಿಸ್ತರಿಸುವ ಸಂದರ್ಭ ಬಂದಾಗ, ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ಸದರ್ನ್ ಮರಾಠಾ ಕಂಪನಿಯ ಮೂಲಕ ಲಂಡನ್ನಿನಿಂದ ಬಂಡವಾಳ ತರಬೇಕಾಯಿತು. ದಾರಿಯೇನೋ ಬೇಗನೆ ಆಯಿತು. ಬಡ್ಡಿಯ ಹೊಣೆ ಮಾತ್ರ ಸಂಸ್ಥಾನದ ಬೊಕ್ಕಸದ ಮೇಲೆ ನಿಂತಿತು.

ಇನ್ನು ಜಪಾನಿನ ವೃತ್ತಾಂತ. ಟೋಕಿಯೊ–ಒಸಾಕಾ ನಡುವಿನ 515 ಕಿಲೋಮೀಟರಿನ ತೊಕಾಯ್ಡೊ ಷಿಂಕಾನ್‌ಸೆನ್ ಎಂಬ ಅತಿವೇಗದ ಮಾರ್ಗದ ಕಾಮಗಾರಿ 1959ರ ಏಪ್ರಿಲಿನಲ್ಲಿ ಆರಂಭವಾಗಿ, 1964ರ ಅಕ್ಟೋಬರ್ 1ರಂದು, ಒಲಿಂಪಿಕ್ ಕ್ರೀಡೆಗಳಿಗೆ ಕೆಲವೇ ದಿನ ಮುಂಚೆ, ಮುಗಿಯಿತು. ಐದೂವರೆ ವರ್ಷಗಳ ಈ ಶೀಘ್ರತೆಯನ್ನು ಮೆಚ್ಚುವವರು ಅದರ ಪೂರ್ವಪೀಠಿಕೆಯನ್ನು ಸಾಮಾನ್ಯವಾಗಿ ಮರೆಯುತ್ತಾರೆ. 1940ರಲ್ಲಿ ಅಂಗೀಕೃತವಾಗಿ ಯುದ್ಧದಿಂದಾಗಿ ನಿಂತುಹೋದ ಹಿಂದಿನ ಯೋಜನೆಯೊಂದಕ್ಕಾಗಿ ಭೂಮಿಯ ಗಣನೀಯ ಭಾಗವನ್ನು ಆಗಲೇ ಕೊಳ್ಳಲಾಗಿತ್ತು. ನಿಹೊನ್‌ಝಾಕಾ ಸುರಂಗವು ಯುದ್ಧಕಾಲದಲ್ಲಿಯೇ ಸಿದ್ಧವಾಗಿತ್ತು. ರೈಲ್ವೆಯ ಅಧ್ಯಕ್ಷ ಷಿಂಜಿ ಸೊಗೊ ಅವರು ವಿಶ್ವಬ್ಯಾಂಕಿನಿಂದ 1961ರಲ್ಲಿ 8 ಕೋಟಿ ಡಾಲರು ಸಾಲ ಪಡೆದುದು ಕೇವಲ ಹಣಕ್ಕಾಗಿ ಅಲ್ಲ. ಹೊರಗಿನ ಸಂಸ್ಥೆಗೆ ಮಾತು ಕೊಟ್ಟ ಮೇಲೆ ಮುಂದೆ ಯಾವ ಸರ್ಕಾರ ಬಂದರೂ ಯೋಜನೆಯನ್ನು ಕೈಬಿಡಲಾಗದಂತೆ ಮಾಡುವುದು ಅವರ ಮುಖ್ಯ ಆಶಯವಾಗಿತ್ತು. ಅಂದಾಜು ಸುಮಾರು 20,000 ಕೋಟಿ ಯೆನ್ ಇದ್ದುದು 38,000 ಕೋಟಿಗೆ ಏರಿದಾಗ ಸೊಗೊ ಮತ್ತು ಮುಖ್ಯ ಎಂಜಿನಿಯರ್ ಹಿಡೆಯೊ ಷಿಮಾ ಇಬ್ಬರೂ 1963ರಲ್ಲಿ ಸ್ಥಾನ ತ್ಯಜಿಸಬೇಕಾಯಿತು. ಉದ್ಘಾಟನೆಯ ವೇಳೆಗೆ ಇಬ್ಬರೂ ಅಧಿಕಾರದಲ್ಲಿರಲಿಲ್ಲ.

ಆದರೂ ಆ ಋಣ ಜಪಾನನ್ನು ಬಾಧಿಸಲಿಲ್ಲ. ಆಗಿನ 360 ಯೆನ್ನಿನ ವಿನಿಮಯದಂತೆ 8 ಕೋಟಿ ಡಾಲರೆಂದರೆ 2,880 ಕೋಟಿ ಯೆನ್, ಅಂದರೆ ಅಂತಿಮ ವೆಚ್ಚದ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ. 1981ರಲ್ಲಿ ಕೊನೆಯ ಕಂತು ಸಲ್ಲುವ ಹೊತ್ತಿಗೆ ಡಾಲರಿಗೆ ಸುಮಾರು 220 ಯೆನ್ ಮಾತ್ರ ತೆರಬೇಕಾಗಿದ್ದುದರಿಂದ ನಾಣ್ಯವೂ ಸಾಲಗಾರನ ಪಕ್ಷದಲ್ಲಿತ್ತು. ಹಾಗೆಂದು ಜಪಾನನ್ನು ನಿರ್ದೋಷಿಯೆಂದು ಬಗೆಯಬಾರದು. ಅದರ ರಾಷ್ಟ್ರೀಯ ರೈಲ್ವೆ 1964ರಲ್ಲಿಯೇ ನಷ್ಟಕ್ಕೆ ಇಳಿದು, ರಾಜಕೀಯ ಒತ್ತಾಯದ ಮಾರ್ಗಗಳನ್ನು ಹೊತ್ತುಕೊಂಡು, 1987ರಲ್ಲಿ ವಿಭಜನೆಗೊಳ್ಳುವಾಗ 37 ಲಕ್ಷ ಕೋಟಿ ಯೆನ್ನಿನ ಸಾಲದಲ್ಲಿತ್ತು. ಜನನಿಬಿಡವಾದ ಒಂದು ಮಾರ್ಗದ ಯಶಸ್ಸು ಎಲ್ಲ ಮಾರ್ಗಗಳಿಗೂ ಪ್ರಮಾಣವಾಗದು.

ಇಂಡೋನೇಷ್ಯದಲ್ಲಿ ನಡೆದುದು ಇದಕ್ಕೆ ವಿಪರೀತ. ಜಕಾರ್ತ–ಬಾಂಡುಂಗ್ ನಡುವಿನ 142 ಕಿಲೋಮೀಟರಿನ ಮಾರ್ಗಕ್ಕಾಗಿ ಜಪಾನ್ ಮತ್ತು ಚೀನ ಸ್ಪರ್ಧಿಸಿದವು. ಸರ್ಕಾರದ ಖಾತರಿಯನ್ನಾಗಲಿ ಬೊಕ್ಕಸದ ಹಣವನ್ನಾಗಲಿ ಕೇಳದ ಚೀನದ ಪ್ರಸ್ತಾಪವನ್ನು 2015ರಲ್ಲಿ ಒಪ್ಪಲಾಯಿತು. ವೆಚ್ಚದ ನಾಲ್ಕರಲ್ಲಿ ಮೂರು ಪಾಲು ಚೀನ ಅಭಿವೃದ್ಧಿ ಬ್ಯಾಂಕಿನ ಸಾಲ. 2016ರ ಜನವರಿಯಲ್ಲಿ ಶಂಕುಸ್ಥಾಪನೆಯಾಗಿ 2019ರಲ್ಲಿ ಮುಗಿಯಬೇಕಾಗಿದ್ದ ಕೆಲಸವು ಭೂಸ್ವಾಧೀನದ ತೊಡಕಿನಿಂದಲೂ, ಗುಡ್ಡಗಾಡಿನ ಸುರಂಗಗಳ ಕಷ್ಟದಿಂದಲೂ, ಸಾಂಕ್ರಾಮಿಕ ರೋಗದಿಂದಲೂ ತಡವಾಗಿ, 2023ರ ಅಕ್ಟೋಬರಿನಲ್ಲಿ ಮುಗಿಯಿತು. ವೆಚ್ಚವು ಸುಮಾರು 120 ಕೋಟಿ ಡಾಲರು ಹೆಚ್ಚಿ 720 ಕೋಟಿಯನ್ನು ಮೀರಿತು. ಮೂಲ ಸಾಲಕ್ಕೆ ನೂರಕ್ಕೆ 2ರ ಬಡ್ಡಿಯಿದ್ದರೆ, ಈ ಹೆಚ್ಚುವರಿ ಸಾಲಕ್ಕೆ 3ಕ್ಕೂ ಮೀರಿದ ಬಡ್ಡಿ ತೆರಬೇಕಾಯಿತು. ವಿಳಂಬವೇ ಋಣವನ್ನೂ ಋಣದ ದರವನ್ನೂ ಒಟ್ಟಿಗೆ ಹೆಚ್ಚಿಸಿತು. ಬೊಕ್ಕಸವನ್ನು ಮುಟ್ಟುವುದಿಲ್ಲವೆಂಬ ವಚನವೂ ಉಳಿಯದೆ, 2021ರಲ್ಲಿ ಅಧ್ಯಕ್ಷರ ಆಜ್ಞೆಯಿಂದ ಸರ್ಕಾರದ ಹಣಕ್ಕೆ ಬಾಗಿಲು ತೆರೆಯಿತು. ಟಿಕೆಟಿನ ಆದಾಯ ರೂಪಿಯಾದಲ್ಲಿ ಬಂದು, ಋಣ ಡಾಲರು ಮತ್ತು ಯುವಾನಿನಲ್ಲಿ ಸಲ್ಲಬೇಕಾದ ಆ ಮಾರ್ಗದ ಸಾಲವನ್ನು ಪುನರ್ವ್ಯವಸ್ಥೆಗೊಳಿಸುವ ಚರ್ಚೆ, ಗಾಡಿ ಓಡತೊಡಗಿ ಎರಡು ವರ್ಷವಾಗುವಷ್ಟರಲ್ಲಿಯೇ ಮೊದಲಾಯಿತು.

ಮುಂಬಯಿ–ಅಹಮದಾಬಾದ್ ಮಾರ್ಗವು ಈ ಎರಡು ನಿದರ್ಶನಗಳ ನಡುವೆ ನಿಂತಿದೆ. 508 ಕಿಲೋಮೀಟರು ಉದ್ದ, 12 ನಿಲ್ದಾಣಗಳು, ಸುಮಾರು 1,08,000 ಕೋಟಿ ರೂಪಾಯಿಯ ಆರಂಭದ ಅಂದಾಜು. ಅದರಲ್ಲಿ ನೂರಕ್ಕೆ 81 ಪಾಲು ಜಪಾನಿನ ಸಾಲ. ಬಡ್ಡಿ ನೂರಕ್ಕೆ 0.1, ಅವಧಿ 50 ವರ್ಷ, ಅದರೊಳಗೆ ಮೊದಲ 15 ವರ್ಷ ಅಸಲಿನ ಕಂತಿಲ್ಲ. 2017ರ ಸೆಪ್ಟೆಂಬರ್ 14ರಂದು ಶಂಕುಸ್ಥಾಪನೆಯಾದಾಗ 2022ರ ಸ್ವಾತಂತ್ರ್ಯೋತ್ಸವದ ಹೊತ್ತಿಗೆ ಗಾಡಿ ಓಡಬೇಕೆಂಬ ಸಂಕಲ್ಪವಿತ್ತು. ಆದರೆ ಬೇಕಾಗಿದ್ದ ಸುಮಾರು 1,390 ಹೆಕ್ಟೇರು ಭೂಮಿ ಪೂರ್ಣವಾಗಿ ಕೈಸೇರಿದುದು 2024ರ ಜನವರಿಯಲ್ಲಿ. ಪಾಲಘರದ ಆದಿವಾಸಿಗಳ ಮತ್ತು ರೈತರ ವಿರೋಧ, ಠಾಣೆಯ ಕಾಂಡ್ಲಾ ವನಗಳನ್ನು ಕುರಿತ ವ್ಯಾಜ್ಯ, ವಿಕ್ರೋಳಿಯ ಭೂಮಿಯ ಮೊಕದ್ದಮೆ ಇವೆಲ್ಲ ನ್ಯಾಯಾಲಯದ ಮುಂದೆ ವರ್ಷಗಟ್ಟಲೆ ನಡೆದವು. ಇದಕ್ಕಾಗಿ ರೈತನನ್ನು ದೂಷಿಸುವುದು ಅನ್ಯಾಯ; ನೆಲವನ್ನು ಕಳೆದುಕೊಳ್ಳುವವನು ನ್ಯಾಯವನ್ನು ಕೇಳಿಯೇ ಕೇಳುತ್ತಾನೆಂಬುದನ್ನು ಗಣಿಸದೆ ದಿನಾಂಕ ನಿಶ್ಚಯಿಸಿದುದೇ ದೋಷ. ಈಗ ಇಡೀ ಮಾರ್ಗಕ್ಕೆ ಇಟ್ಟುಕೊಂಡಿರುವ ಗಡುವು 2029. ಕಂತಿಲ್ಲದ 15 ವರ್ಷಗಳ ಉದ್ದೇಶವೇ ಆ ಅವಧಿ ಮುಗಿಯುವ ವೇಳೆಗೆ ಮಾರ್ಗವು ತನ್ನ ಗಳಿಕೆಯಿಂದ ಕಂತು ಕಟ್ಟುವ ಶಕ್ತಿ ಪಡೆಯಲಿ ಎಂಬುದು. ಕಾಮಗಾರಿಯ ಪ್ರತಿಯೊಂದು ವರ್ಷದ ವಿಳಂಬವೂ ಆ ಅನುಕೂಲದ ಒಂದು ವರ್ಷವನ್ನು ನುಂಗುತ್ತದೆ.

0.1ರ ಬಡ್ಡಿಯನ್ನು ಬಹುತೇಕ ದಾನವೆಂದು ಬಣ್ಣಿಸುವವರು ನಾಣ್ಯದ ಚರಿತ್ರೆಯನ್ನು ನೋಡಬೇಕು. 1980ರಲ್ಲಿ 100 ಯೆನ್ನಿಗೆ 4 ರೂಪಾಯಿಯೂ ಇರಲಿಲ್ಲ. 2015ರಲ್ಲಿ ಅದೇ 100 ಯೆನ್ನಿಗೆ 50 ರೂಪಾಯಿಯನ್ನು ಮೀರಿ ತೆರಬೇಕಾಗಿತ್ತು. 35 ವರ್ಷಗಳಲ್ಲಿ ಹತ್ತು ಪಟ್ಟಿಗೂ ಮೀರಿದ ಈ ಏರಿಕೆಯ ಎದುರಿಗೆ ಬಡ್ಡಿಯ ದರವು ನಗಣ್ಯ. ಅಲ್ಲಿಂದೀಚೆಗೆ ಯೆನ್ ಕೂಡ ದುರ್ಬಲವಾಗಿರುವುದು ನಮ್ಮ ಸುಯೋಗ. ಆದರೆ 50 ವರ್ಷಗಳ ಋಣವನ್ನು ಸುಯೋಗದ ಮೇಲೆ ನಿಲ್ಲಿಸುವುದು ರಾಜ್ಯನೀತಿಯಲ್ಲ.

ಪರಋಣವು ಸ್ವತಃ ಪಾಪವಲ್ಲ. ಅಲ್ಪಪ್ರಮಾಣದಲ್ಲಿ ತಂದು, ನೆಲವನ್ನು ಸಿದ್ಧವಾಗಿಟ್ಟುಕೊಂಡು, ಕಾಲಕ್ಕೆ ಮುಗಿಸಿದವರಿಗೆ ಅದು ಸಾಧನವಾಯಿತು. ಬಹುಪಾಲನ್ನು ಸಾಲದಿಂದಲೇ ತಂದು, ನೆಲಕ್ಕೆ ಮುಂಚೆ ಸಹಿಗೆ ಅವಸರಪಟ್ಟವರಿಗೆ ಬಂಧನವಾಯಿತು. ಚೆನ್ನೈ–ಬೆಂಗಳೂರು–ಮೈಸೂರು ಅತಿವೇಗದ ಮಾರ್ಗದ ಪ್ರಸ್ತಾಪ ಇಂದು ನಮ್ಮ ಮುಂದಿದೆ. ಭೂಮಿಯನ್ನು ನ್ಯಾಯವಾದ ಪರಿಹಾರ ಕೊಟ್ಟು ಪಡೆದ ಬಳಿಕವೇ ಸಾಲಪತ್ರಕ್ಕೆ ಸಹಿಯಾಗಬೇಕು. ಆದಾಯ ಯಾವ ನಾಣ್ಯದಲ್ಲಿ ಬರುವುದೋ ಸಾಲದ ಹೆಚ್ಚಿನ ಪಾಲು ಅದೇ ನಾಣ್ಯದಲ್ಲಿ ಎತ್ತಲ್ಪಡಬೇಕು. ವಿನಿಮಯದ ನಷ್ಟ ಯಾರ ತಲೆಗೆ ಬೀಳುವುದೆಂಬುದನ್ನು ಶಾಸನಸಭೆಯ ಮುಂದೆ ಇಡಬೇಕು. ಈ ಮೂರಕ್ಕೂ ಸ್ಪಷ್ಟವಾದ ಉತ್ತರ ದೊರೆಯುವ ತನಕ ಆ ಮಾರ್ಗಕ್ಕೆ ಶಂಕುಸ್ಥಾಪನೆಯ ದಿನವನ್ನು ಗೊತ್ತುಮಾಡಬಾರದೆಂದು ನಮ್ಮ ಪ್ರತಿನಿಧಿಗಳನ್ನು ಒತ್ತಾಯಿಸುವುದು, ಮುಂದೆ ಆ ಸಾಲವನ್ನು ತೀರಿಸಬೇಕಾದವರ ಪರವಾಗಿ, ಇಂದಿನ ನಾಗರಿಕರ ಕರ್ತವ್ಯ.