ಸಹಾಯಧನವೂ ಶಾಲೆಯ ಬಾಗಿಲೂ: 1856ರ ಧಾರವಾಡ ಪ್ರಕರಣ

ಸರಕಾರದ ಬೊಕ್ಕಸದಿಂದ ಶಾಲೆಗಳಿಗೆ ಸಲ್ಲುವ ಸಹಾಯಧನವನ್ನು ಕೇವಲ ಲೆಕ್ಕಪತ್ರದ ವಿಷಯವೆಂದು ಭಾವಿಸುವುದು ರೂಢಿಯಾಗಿದೆ. ಆದರೆ ಹಣದೊಡನೆ ಷರತ್ತೂ ಬರುತ್ತದೆ. ಆ ಷರತ್ತಿನಲ್ಲಿ ಬರೆದುದೇನು, ಬರೆಯದೆ ಬಿಟ್ಟುದೇನು ಎಂಬುದರಿಂದಲೇ ಶಾಲೆಯ ಬಾಗಿಲು ಯಾರಿಗೆ ತೆರೆಯಿತು, ಯಾರಿಗೆ ಮುಚ್ಚಿತು ಎಂಬುದು ನಿರ್ಧಾರವಾಗುತ್ತದೆ. ಹಿಂದಿನ ಮುಂಬಯಿ ಇಲಾಖೆಯ ಶಿಕ್ಷಣದ ಇತಿಹಾಸದಲ್ಲಿ ಈ ಮಾತಿಗೆ ಸ್ಪಷ್ಟವಾದ ನಿದರ್ಶನವೊಂದು ದೊರೆಯುವುದು ಕನ್ನಡನಾಡಿನ ಧಾರವಾಡದಲ್ಲಿ.

ಈ ದೇಶದಲ್ಲಿ ಸಹಾಯಧನದ ಪದ್ಧತಿಗೆ ತಳಹದಿಯಾದುದು 1854ರ ಜುಲೈ 19ರಂದು ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕ ಮಂಡಲವು ಕಳುಹಿಸಿದ, ಸರ್ ಚಾರ್ಲ್ಸ್ ವುಡ್ಡನ ಹೆಸರಿನಿಂದ ಪ್ರಸಿದ್ಧವಾಗಿರುವ ಆದೇಶಪತ್ರ. ಎಲ್ಲ ಶಾಲೆಗಳನ್ನೂ ಸರಕಾರವೇ ನಡೆಸುವುದು ಸಾಧ್ಯವಲ್ಲವಾದುದರಿಂದ, ಸ್ಥಳೀಯರ ಪ್ರಯತ್ನಕ್ಕೆ ನೆರವು ನೀಡಬೇಕೆಂಬುದು ಅದರ ಆಶಯ. ಶಾಲೆಯು ಒಳ್ಳೆಯ ಲೌಕಿಕ ಶಿಕ್ಷಣ ಕೊಡಬೇಕು. ಯೋಗ್ಯವಾದ ಸ್ಥಳೀಯ ಆಡಳಿತವಿರಬೇಕು. ಸರಕಾರಿ ತಪಾಸಣೆಗೆ ಒಪ್ಪಬೇಕು. ಮಕ್ಕಳಿಂದ ಅಲ್ಪವಾದರೂ ಶುಲ್ಕ ಪಡೆಯಬೇಕು. ಹೀಗಿದ್ದರೆ ಶಿಕ್ಷಕರ ಸಂಬಳ, ವಿದ್ಯಾರ್ಥಿವೇತನ, ಪುಸ್ತಕ, ಕಟ್ಟಡ ಮೊದಲಾದವುಗಳಿಗೆ ಹಣ ದೊರೆಯುತ್ತಿತ್ತು. ಜಾತಿಯ ಕಾರಣದಿಂದ ಮಗುವನ್ನು ಹೊರಗಿಡಕೂಡದೆಂಬುದು ಈ ಷರತ್ತುಗಳ ಸಾಲಿನಲ್ಲಿ ಸೇರಿರಲಿಲ್ಲ. ಅದೇ ವರ್ಷದ ಮೇ 5ರ ಪತ್ರದಲ್ಲಿ ನಿರ್ದೇಶಕ ಮಂಡಲವು ಈ ತತ್ತ್ವವನ್ನು ಸಾರಿದ್ದುದು ನಿಜ. ಆದರೆ ಅದು ಸರಕಾರಿ ಶಾಲಾ ಕಾಲೇಜುಗಳನ್ನು ಕುರಿತದ್ದು.

ಆ ತತ್ತ್ವದ ಪರೀಕ್ಷೆಯಾದುದು ಎರಡೇ ವರ್ಷಗಳಲ್ಲಿ. 1856ರ ಜೂನ್ ತಿಂಗಳಲ್ಲಿ ಮಹಾರ ಜಾತಿಯ ಬಾಲಕನೊಬ್ಬನಿಗೆ ಧಾರವಾಡದ ಸರಕಾರಿ ಶಾಲೆಯಲ್ಲಿ ಪ್ರವೇಶ ದೊರೆಯದೆ, ಪ್ರಶ್ನೆಯು ಮುಂಬಯಿ ಸರಕಾರದ ಮುಂದೆ ಬಂದಿತು. ಜುಲೈ 21ರ ಸರಕಾರಿ ನಿರ್ಣಯದಲ್ಲಿ ಅವನು ‘ಮಹಾರ ಅರ್ಜಿದಾರ’ ಮಾತ್ರ. ನ್ಯಾಯವು ತತ್ತ್ವತಃ ಅವನ ಪಕ್ಷದಲ್ಲಿದೆಯೆಂದು ಸರಕಾರ ಒಪ್ಪಿತು. ಆದರೆ ಒಬ್ಬಿಬ್ಬರಿಗಾಗಿ ಯುಗಯುಗಗಳ ಪೂರ್ವಗ್ರಹಕ್ಕೆ ಹಠಾತ್ತನೆ ಕೈಹಾಕಿದರೆ ಶಿಕ್ಷಣದ ಕಾರ್ಯಕ್ಕೇ ಹಾನಿಯಾದೀತೆಂದೂ, ಅವನ ಕಷ್ಟವು ಈ ಸರಕಾರದಿಂದ ಹುಟ್ಟಿದುದಲ್ಲವೆಂದೂ ಹೇಳಿ ಕೈತೊಳೆದುಕೊಂಡಿತು. ನ್ಯಾಯವನ್ನು ಒಪ್ಪಿಯೂ ಪರಿಹಾರವನ್ನು ನಿರಾಕರಿಸಿದ ಈ ನಿರ್ಣಯವು ಆ ಕಾಲದ ಆಡಳಿತದ ಮನೋಧರ್ಮವನ್ನು ತೋರಿಸುತ್ತದೆ.

ವಿಷಯವು ಅಲ್ಲಿಗೇ ನಿಲ್ಲಲಿಲ್ಲ. 1857ರ ಜನವರಿಯಲ್ಲಿ ಭಾರತ ಸರಕಾರವು, ಮುಂಬಯಿಯವರು ವಿವೇಕದಿಂದಲೇ ನಡೆದಿರಬಹುದೆಂದು ಹೇಳಿದರೂ, ಬಂಗಾಲದ ಯಾವ ಸರಕಾರಿ ಶಾಲೆಯಲ್ಲಿಯೂ ಈ ಹುಡುಗನನ್ನು ಹೊರಗಿಡುತ್ತಿರಲಿಲ್ಲವೆಂದು ಚುಚ್ಚಿ ಬರೆಯಿತು. 1858ರ ಏಪ್ರಿಲ್ 28ರಂದು ನಿರ್ದೇಶಕ ಮಂಡಲವು ಇನ್ನೂ ದೃಢವಾಗಿ ನುಡಿಯಿತು: ಸರಕಾರದ ವಿದ್ಯಾಸಂಸ್ಥೆಗಳು ಎಲ್ಲ ವರ್ಗಗಳಿಗೂ ತೆರೆದಿರತಕ್ಕವು; ಇದರಿಂದ ಕೆಲವರು ಶಾಲೆ ಬಿಟ್ಟುಹೋದರೂ ತತ್ತ್ವವನ್ನು ಬಿಡಲಾಗದು.

ಇದರ ಫಲವಾಗಿ ಮುಂಬಯಿ ಸರಕಾರವು 1858ರಲ್ಲಿ ಹೊರಡಿಸಿದ ಪ್ರಕಟಣೆಯಲ್ಲಿ ಎರಡು ಭಾಗಗಳಿದ್ದವು. ಪೂರ್ತಿಯಾಗಿ ಸರಕಾರದ ವೆಚ್ಚದಿಂದ ನಡೆಯುವ ಶಾಲೆಗಳು ಎಲ್ಲ ಪ್ರಜೆಗಳಿಗೂ ಭೇದವಿಲ್ಲದೆ ತೆರೆದಿರತಕ್ಕವೆಂಬುದು ಒಂದು. ಸ್ಥಳೀಯ ಪೋಷಕರೊಡನೆ ವೆಚ್ಚವನ್ನು ಹಂಚಿಕೊಂಡ ಶಾಲೆಗಳನ್ನು ಕುರಿತದ್ದು ಇನ್ನೊಂದು. ಪೋಷಕರು ಆಕ್ಷೇಪಿಸುವಲ್ಲಿ ಕೆಳಜಾತಿಯೆನಿಸಿದವರ ಮಕ್ಕಳನ್ನು ಸೇರಿಸುವ ಉದ್ದೇಶ ಸರಕಾರಕ್ಕಿಲ್ಲ. ಆದರೆ ಜಾತಿ ಅಥವಾ ಕುಲದ ಕಾರಣದಿಂದ ಯಾವ ವರ್ಗಕ್ಕಾದರೂ ವಿದ್ಯೆ ನಿರಾಕರಿಸುವ ಶಾಲೆಗೆ ಸಹಾಯವನ್ನು ತಡೆಯುವ ಹಕ್ಕನ್ನು ಸರಕಾರ ಕಾದಿರಿಸಿಕೊಂಡಿದೆ.

ಈ ಎರಡನೆಯ ಭಾಗವೇ ಇಲ್ಲಿ ಮುಖ್ಯವಾದುದು. ಹಕ್ಕನ್ನು ಕಾದಿರಿಸಿಕೊಳ್ಳುವುದು ಬೇರೆ, ಚಲಾಯಿಸುವುದು ಬೇರೆ. ಇಂಥ ಶಾಲೆಗೆ ಹಣ ಕೊಡತಕ್ಕುದಲ್ಲ ಎಂದು ಹೇಳದೆ, ಕೊಡದಿರಬಹುದು ಎಂದಷ್ಟೇ ಹೇಳಿದುದರಿಂದ, ನಿರ್ಧಾರವೆಲ್ಲ ಅಧಿಕಾರಿಯ ಮರ್ಜಿಗೆ ಬಿಟ್ಟಂತಾಯಿತು. ವೆಚ್ಚದ ಒಂದು ಪಾಲನ್ನು ಕೊಟ್ಟ ಪೋಷಕನಿಗೆ ಇಡೀ ಬಾಗಿಲಿನ ಬೀಗದ ಕೈ ದೊರೆಯಿತು. ಉಳಿದ ಪಾಲನ್ನು ತೆರಿಗೆಯ ರೂಪದಲ್ಲಿ ಕೊಟ್ಟ ಪ್ರಜೆಗೆ ಹೊಸ್ತಿಲೂ ದೊರೆಯಲಿಲ್ಲ.

1882ರಲ್ಲಿ ನೇಮಕವಾದ ಹಂಟರ್ ಆಯೋಗವು, ಸಾರ್ವಜನಿಕ ದ್ರವ್ಯದಿಂದ ನಡೆಯುವ ಸಂಸ್ಥೆಗಳಲ್ಲಿ ಈ ತತ್ತ್ವವನ್ನು ತಕ್ಕ ಎಚ್ಚರದಿಂದ ಅನ್ವಯಿಸಬೇಕೆಂದು ಪುನಃ ಸಾರಿತು. ಅದರೊಡನೆ ಕೆಳವರ್ಗದ ಮಕ್ಕಳಿಗಾಗಿ ಪ್ರತ್ಯೇಕ ಶಾಲೆಗಳಿಗೂ ಉದಾರವಾದ ಪ್ರೋತ್ಸಾಹವನ್ನು ಶಿಫಾರಸು ಮಾಡಿತು. ಮುಚ್ಚಿದ ಬಾಗಿಲಿನ ಪಕ್ಕದಲ್ಲಿ ಇನ್ನೊಂದು ಬಾಗಿಲನ್ನು ಕಟ್ಟುವ ಈ ಕೆಲಸದಲ್ಲಿ ಕನ್ನಡನಾಡಿನವರ ಪಾಲು ಸಣ್ಣದಲ್ಲ. ಮದರಾಸು ಇಲಾಖೆಗೆ ಸೇರಿದ್ದ ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಇದನ್ನು ಕೈಗೊಂಡರು. ಜಮಖಂಡಿಯಲ್ಲಿ ಹುಟ್ಟಿದ ವಿಠ್ಠಲ ರಾಮಜೀ ಶಿಂದೆಯವರು 1906ರಲ್ಲಿ ಮುಂಬಯಿಯಲ್ಲಿ ‘ಡಿಪ್ರೆಸ್ಡ್ ಕ್ಲಾಸಸ್ ಮಿಷನ್’ ಸಂಸ್ಥೆಯನ್ನು ಸ್ಥಾಪಿಸಿದರು.

ತೆರೆದ ಶಾಲೆಗಳಲ್ಲಿಯಾದರೂ ಸಮಾನತೆಯಿತ್ತೆಂದು ಹೇಳುವಂತಿಲ್ಲ. ಸಾತಾರೆಯಲ್ಲಿ ಓದುತ್ತಿದ್ದ ಬಾಲಕ ಭೀಮರಾವ ಅಂಬೇಡ್ಕರರು ತರಗತಿಯ ಮೂಲೆಯಲ್ಲಿ ಗೋಣಿತಟ್ಟಿನ ತುಂಡಿನ ಮೇಲೆ ಪ್ರತ್ಯೇಕವಾಗಿ ಕುಳಿತುಕೊಳ್ಳಬೇಕಾಗಿತ್ತು. ಶಾಲೆ ಗುಡಿಸುವ ಆಳೂ ಅದನ್ನು ಮುಟ್ಟುತ್ತಿರಲಿಲ್ಲವಾದುದರಿಂದ, ಸಂಜೆ ಮನೆಗೆ ಒಯ್ದು ಬೆಳಿಗ್ಗೆ ಮರಳಿ ತರಬೇಕಾಗಿತ್ತು.

ಅಸ್ಪೃಶ್ಯರೆನಿಸಿದವರ ಮಕ್ಕಳಿಗೆ ಪ್ರವೇಶ ನಿರಾಕರಿಸುವ ಸಂಸ್ಥೆಗೆ ಸಹಾಯಧನ ಕೊಡತಕ್ಕುದಲ್ಲವೆಂದು ಮುಂಬಯಿ ಸರಕಾರವು ನಿರ್ಣಯಿಸಿದುದು 1923ರಲ್ಲಿ. ‘ಕೊಡದಿರಬಹುದು’ ಎಂಬುದು ‘ಕೊಡತಕ್ಕುದಲ್ಲ’ ಎಂದಾಗಲು 65 ವರ್ಷಗಳು ಬೇಕಾದವು. ಅಷ್ಟರಲ್ಲಿ ಎರಡು ತಲೆಮಾರುಗಳ ಮಕ್ಕಳು ಶಾಲೆಯ ವಯಸ್ಸನ್ನು ದಾಟಿಹೋಗಿದ್ದರು. ಮುಂದೆ 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 29ನೆಯ ಅನುಚ್ಛೇದದ ಎರಡನೆಯ ಖಂಡವು, ರಾಜ್ಯವು ನಡೆಸುವ ಸಂಸ್ಥೆಯನ್ನೂ ರಾಜ್ಯದ ದ್ರವ್ಯಸಹಾಯ ಪಡೆಯುವ ಸಂಸ್ಥೆಯನ್ನೂ ಒಂದೇ ಸಾಲಿನಲ್ಲಿರಿಸಿ, ಮತ, ಕುಲ, ಜಾತಿ, ಭಾಷೆ ಇವುಗಳ ಕಾರಣದಿಂದಲೇ ಯಾವ ಪ್ರಜೆಗೂ ಪ್ರವೇಶ ನಿರಾಕರಿಸಕೂಡದೆಂದು ವಿಧಿಸಿತು. 1858ರ ಪ್ರಕಟಣೆಯು ಎರಡಾಗಿ ಸೀಳಿದುದನ್ನು ಇದು ಒಂದುಗೂಡಿಸಿತು. ಆ ಸಂವಿಧಾನದ ಕರಡು ಸಮಿತಿಗೆ ಅಧ್ಯಕ್ಷರಾಗಿದ್ದವರು ಗೋಣಿತಟ್ಟಿನ ಮೇಲೆ ಕುಳಿತು ಓದಿದ ಅದೇ ವಿದ್ಯಾರ್ಥಿ.

2009ರ ಶಿಕ್ಷಣ ಹಕ್ಕು ಕಾಯಿದೆಯು ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಅಲ್ಪಸಂಖ್ಯಾತರ ಸಂಸ್ಥೆಗಳ ಹೊರತು, ಸಹಾಯ ಪಡೆಯುವ ಶಾಲೆಯು ತನ್ನ ವಾರ್ಷಿಕ ವೆಚ್ಚದಲ್ಲಿ ಸರಕಾರದ ಪಾಲೆಷ್ಟೋ ಅಷ್ಟು ಪ್ರಮಾಣದ, ಕನಿಷ್ಠ ಶೇಕಡಾ 25ರಷ್ಟು ಮಕ್ಕಳಿಗೆ ಉಚಿತ ಶಿಕ್ಷಣ ಕೊಡತಕ್ಕುದೆಂಬುದು ಅದರ ವಿಧಿ. ಸಾರ್ವಜನಿಕ ಹಣಕ್ಕೂ ಸಾರ್ವಜನಿಕರ ಮಕ್ಕಳಿಗೂ ಇರತಕ್ಕ ಸಂಬಂಧವು ಇಲ್ಲಿ ಲೆಕ್ಕದ ರೂಪವನ್ನೇ ತಾಳಿದೆ.

ಸಹಾಯಧನದ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಎಷ್ಟು ಶಾಲೆಗಳಿಗೆ ಎಷ್ಟು ರೂಪಾಯಿ ಸಂದಿತೆಂಬುದನ್ನು ಎಣಿಸುತ್ತಾರೆ. ಯಾವ ಷರತ್ತಿನ ಮೇಲೆ ಸಂದಿತು, ಆ ಷರತ್ತು ಮುರಿದಾಗ ಹಣ ನಿಂತಿತೇ ಎಂಬ ಪ್ರಶ್ನೆಗಳನ್ನೂ ಅದರೊಡನೆ ಎತ್ತಬೇಕು. ಧಾರವಾಡದ ಬಾಲಕನು ಬೇಡಿದುದು ತರಗತಿಯಲ್ಲಿ ಒಂದು ಸ್ಥಳವನ್ನು. ಅವನ ಅರ್ಜಿಗೆ ಪೂರ್ಣವಾದ ಉತ್ತರ ದೊರೆತುದು 94 ವರ್ಷಗಳ ಅನಂತರ, ಗಣರಾಜ್ಯದ ಸಂವಿಧಾನದಲ್ಲಿ.