ಮಾತ್ರೆ ಪ್ಯಾಕೆಟ್ಟಿನ ಮಡಿಸಿದ ಚೀಟಿ

ಮೊನ್ನೆ ಅಕ್ಕ ಫೋನ್ ಮಾಡಿದ್ದಳು. "ನೋಡೇ, ನನ್ನ ಕೊಲೆಸ್ಟ್ರಾಲ್ ರಿಪೋರ್ಟ್ ಬಂತು. ಒಳ್ಳೇದು ಜಾಸ್ತಿ, ಕೆಟ್ಟದ್ದು ಕಮ್ಮಿ. ಮಾತ್ರೆಯಿಂದ ಹಾರ್ಟಿಗೇನೂ ಆಗಿಲ್ಲ. ವಿಟಮಿನ್ ಇ ಬೇರೆ ತಗೋತಿದ್ದೀನಿ."

ಅವಳಿಗೆ ಮೂವತ್ತೊಂಬತ್ತು. ಗರ್ಭನಿರೋಧಕ ಮಾತ್ರೆಯನ್ನು ಮೆಡಿಕಲ್ ಶಾಪಿನಿಂದ ತಾನೇ ತಂದುಕೊಳ್ಳುತ್ತಾಳೆ. "ಒಳಗಿರೋ ಚೀಟಿ ಓದಿದ್ಯಾ?" ಅಂದೆ. "ಆ ಇರುವೆ ಅಕ್ಷರ ಯಾರು ಓದ್ತಾರೆ!"

ಆ ಚೀಟಿಗೊಂದು ಕಥೆ ಇದೆ ಕಣ್ರೀ.

ಅಮೆರಿಕದ ಎಫ್‌ಡಿಎ 1960ರಲ್ಲಿ ಗರ್ಭನಿರೋಧಕ ಎಂದು ಒಪ್ಪಿದ ಮೊದಲ ಮಾತ್ರೆ ಎನೋವಿಡ್. ಮುಟ್ಟಿನ ತೊಂದರೆಗಳಿಗೆಂದು 1957ರಲ್ಲೇ ಅನುಮತಿ ಸಿಕ್ಕಿತ್ತು. ಅದರಲ್ಲಿ ಈಸ್ಟ್ರೋಜೆನ್ 150 ಮೈಕ್ರೋಗ್ರಾಂ! ಇವತ್ತಿನವುಗಳಲ್ಲಿ ಸಾಮಾನ್ಯವಾಗಿ 20ರಿಂದ 35 (ಬೇರೆ ಜಾತಿಯ ಈಸ್ಟ್ರೋಜೆನ್, ಹಾಗಾಗಿ ನೇರವಾಗಿ ಭಾಗಿಸಬೇಡಿ). 1961ರಲ್ಲೇ ಜೋರ್ಡನ್ ಎಂಬ ಬ್ರಿಟಿಷ್ ವೈದ್ಯರು, ಎನೋವಿಡ್ ತೆಗೆದುಕೊಳ್ಳುತ್ತಿದ್ದ ಮಹಿಳೆಯೊಬ್ಬರ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ದನ್ನು ಲ್ಯಾನ್ಸೆಟ್ ಪತ್ರಿಕೆಗೆ ಬರೆದರು.

ಡಾಕ್ಟರುಗಳಿಗೆ ಗೊತ್ತಾಯಿತು, ಸರಿ. ನುಂಗುವವರಿಗೆ? 1969ರಲ್ಲಿ ಪತ್ರಕರ್ತೆ ಬಾರ್ಬರಾ ಸೀಮನ್ ಮಾತ್ರೆಯ ಅಪಾಯಗಳ ಬಗ್ಗೆ ಪುಸ್ತಕ ಬರೆದರು. ಮರುವರ್ಷ ಜನವರಿಯಲ್ಲಿ ಸೆನೆಟರ್ ಗೇಲಾರ್ಡ್ ನೆಲ್ಸನ್ ವಿಚಾರಣೆ ನಡೆಸಿದರು. ತಮಾಷೆ ಅಂದ್ರೆ, ಸಾಕ್ಷಿ ಹೇಳಲು ಮಾತ್ರೆ ನುಂಗಿದ ಒಬ್ಬ ಹೆಂಗಸನ್ನೂ ಕರೆದಿರಲಿಲ್ಲ! ಆಲಿಸ್ ವುಲ್ಫ್‌ಸನ್ ಮತ್ತು ಗೆಳತಿಯರು ಸಭಾಂಗಣದಲ್ಲೇ ಎದ್ದು ನಿಂತು ಕೂಗಿ ಕೇಳಿದರು. ಅದೇ 1970ರಲ್ಲಿ, ಬಳಸುವವರೇ ಓದಲೆಂದು ಪ್ಯಾಕೆಟ್ಟಿನ ಜೊತೆ ಚೀಟಿ ಇಡಬೇಕೆಂಬ ನಿಯಮ ಬಂತು. ಮೊದಲ ಕರಡನ್ನು ಕತ್ತರಿಸಿ ಕತ್ತರಿಸಿ ಪುಟ್ಟದು ಮಾಡಿದ ಮೇಲೆ, ಅಷ್ಟೇ.

ಈಗ ಅಕ್ಕನ ರಿಪೋರ್ಟಿಗೆ ಬರೋಣ. ನುಂಗಿದ ಈಸ್ಟ್ರೋಜೆನ್ ಲಿವರ್‌ಗೆ ಹೋಗಿ ಒಳ್ಳೆಯ ಕೊಲೆಸ್ಟ್ರಾಲ್, ಅಂದರೆ ಎಚ್‌ಡಿಎಲ್ ಅನ್ನು ಏರಿಸುತ್ತದೆ (ಟ್ರೈಗ್ಲಿಸರೈಡನ್ನೂ ಏರಿಸುತ್ತದೆ, ಅದು ಒಳ್ಳೆಯದಲ್ಲ). ಅದೇ ಲಿವರ್, ಅದೇ ಈಸ್ಟ್ರೋಜೆನ್ನಿನ ಮಾತು ಕೇಳಿ, ರಕ್ತ ಹೆಪ್ಪುಗಟ್ಟಿಸುವ ವಸ್ತುಗಳನ್ನೂ ಹೆಚ್ಚು ತಯಾರಿಸುತ್ತದೆ. ಕೊಲೆಸ್ಟ್ರಾಲ್ ರಿಪೋರ್ಟಿನಲ್ಲಿ ಇದಕ್ಕೆ ಕಾಲಮ್ಮೇ ಇಲ್ಲ. ಜೊತೆಗಿರುವ ಪ್ರೊಜೆಸ್ಟಿನ್ ಯಾವುದು ಅನ್ನುವುದೂ ಮುಖ್ಯ. ಹಳೆಯ ಲೆವೊನೋರ್ಜೆಸ್ಟ್ರೆಲ್ ಎಚ್‌ಡಿಎಲ್ ಅನ್ನು ಇಳಿಸುತ್ತದೆ. ಆಮೇಲೆ ಬಂದ ಡೆಸೊಜೆಸ್ಟ್ರೆಲ್ ಮಾತ್ರೆಗಳಲ್ಲಿ ಅದು ಏರುತ್ತದೆ, ಹಾಗಾಗಿ ಹೃದಯಕ್ಕೆ ಇವೇ ಮೇಲು ಅಂದುಕೊಂಡಿದ್ದರು. 1995ರಲ್ಲಿ ಅಧ್ಯಯನಗಳು ಬಂದು ನೋಡಿದರೆ, ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಡೆಸೊಜೆಸ್ಟ್ರೆಲ್ ಮಾತ್ರೆಗಳಲ್ಲೇ ಸುಮಾರು ಎರಡು ಪಟ್ಟು! ಒಟ್ಟಾರೆ ಅಪರೂಪವೇ, ಗಾಬರಿ ಬೇಡ. ಆದರೆ ಅಂಕಿ ಚೆನ್ನಾಗಿದ್ದ ಮಾತ್ರೆಯೇ ಇಲ್ಲಿ ಹಿಂದೆ ಬಿತ್ತು.

ಅಕ್ಕನದು ಡೆಸೊಜೆಸ್ಟ್ರೆಲ್ ಜಾತಿಯದು.

ಇನ್ನು ವಿಟಮಿನ್. ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದರೆ ಏನಾಗುತ್ತದೆಂದು ತಿಳಿಯಲು ಫ್ರಾಂಕ್ ಸ್ಪೈಜರ್ 1976ರಲ್ಲಿ ಅಮೆರಿಕದ 1,21,700 ನರ್ಸ್‌ಗಳ ಅಧ್ಯಯನ ಶುರು ಮಾಡಿದರು. 1988ರಲ್ಲಿ ಅದು ಕೊಟ್ಟ ಸಮಾಧಾನದ ಸುದ್ದಿ: ಹಿಂದೆ ಮಾತ್ರೆ ತೆಗೆದುಕೊಂಡು ಬಿಟ್ಟವರಲ್ಲಿ ಹೃದ್ರೋಗ ಹೆಚ್ಚಿರಲಿಲ್ಲ. ಅದೇ ಅಧ್ಯಯನ 1993ರಲ್ಲಿ, ವಿಟಮಿನ್ ಇ ತಿನ್ನುವವರಿಗೆ ಹೃದ್ರೋಗ ಕಡಿಮೆ ಅಂತಲೂ ಹೇಳಿತು. ಬಾಟಲಿಗಳು ಅಂಗಡಿಯಿಂದ ಮನೆಗೆ ಬಂದವು. ಆದರೆ ವಿಟಮಿನ್ ತಿನ್ನುವವರು ಬೇರೆ ವಿಷಯಗಳಲ್ಲೂ ಆರೋಗ್ಯದ ಕಾಳಜಿ ಇರುವವರೇ ಅಲ್ಲವೇ? ಸುಮಾರು 40,000 ಮಹಿಳೆಯರಲ್ಲಿ ಅರ್ಧದಷ್ಟು ಜನಕ್ಕೆ ನಿಜವಾದ ವಿಟಮಿನ್, ಉಳಿದವರಿಗೆ ಬರೀ ಸಪ್ಪೆ ಗುಳಿಗೆ ಕೊಟ್ಟು ಹತ್ತು ವರ್ಷ ನೋಡಿದರು. 2005ರಲ್ಲಿ ಫಲಿತಾಂಶ ಬಂತು. ಹೃದಯಾಘಾತವೂ ಕಡಿಮೆಯಾಗಲಿಲ್ಲ, ಪಾರ್ಶ್ವವಾಯುವೂ ಇಲ್ಲ.

ಇಷ್ಟನ್ನೂ ಅಕ್ಕನಿಗೆ ಹೇಳಿ, "ಬಿಪಿ ಯಾವಾಗ ನೋಡಿಸಿದ್ದೆ?" ಅಂದೆ. ಉತ್ತರ ಇಲ್ಲ. ಬಿಪಿ ಜಾಸ್ತಿ ಇರುವವರು, ಮೂವತ್ತೈದು ದಾಟಿ ಸಿಗರೇಟು ಸೇದುವವರು ಈಸ್ಟ್ರೋಜೆನ್ ಮಾತ್ರೆ ತೆಗೆದುಕೊಳ್ಳಬಾರದು ಅಂತ ಆ ಇರುವೆ ಅಕ್ಷರದಲ್ಲೇ ಇರುತ್ತದೆ.

ಶನಿವಾರ ಹೋಗಿ ನೋಡಿಸಿದಳು. 150/96. ಇನ್ನೆರಡು ದಿನ ನೋಡಿದರೂ ಹಾಗೇ. ಡಾಕ್ಟರಮ್ಮ ಮಾತ್ರೆ ನಿಲ್ಲಿಸಿ ಕಾಪರ್-ಟಿ ಹಾಕಿದ್ದಾರೆ, ಬಿಪಿಗೆ ಬೇರೆ ಮಾತ್ರೆ ಕೊಟ್ಟಿದ್ದಾರೆ. ಅದರ ಚೀಟಿಯ ಫೋಟೋ ತೆಗೆದು, ದೊಡ್ಡದು ಮಾಡಿ ಓದಿದಳಂತೆ. ವಿಟಮಿನ್ ಬಾಟಲಿ ಮಾತ್ರ ಇನ್ನೂ ಫ್ರಿಜ್ಜಿನ ಮೇಲಿದೆ, "ದುಡ್ಡು ಕೊಟ್ಟಿದ್ದಲ್ವೇನೇ" ಅನ್ನುತ್ತಾಳೆ.